ಆಟಿಯಲ್ಲಿ ಕೊಬ್ಬಿದ ನಾಯಿ

ಆಟಿ ತಿಂಗಳಲ್ಲಿ ಯಾರೂ ಕೊಬ್ಬುವುದಿಲ್ಲ. ಮಳೆ ಹಿಡಿದ ಮೇಲೆ ತೋಟದ ಕೆಲಸ ಅರ್ಧಕ್ಕರ್ಧ, ಹಿತ್ತಲ ತರಕಾರಿ ಕೊಳೆತುಹೋಗಿರುತ್ತದೆ. ಬಿದಿರಿನ ಕಣಿಲೆ, ಕೆಸ, ಹಲಸಿನ ಬೀಜ, ಒಣ ಮೀನು ಎಂದು ಒಂದೊಂದು ದಿನವನ್ನು ದೂಡಬೇಕು. ಅಂಥ ತಿಂಗಳಲ್ಲಿ ಚೆಟ್ಟಳ್ಳಿಯ ನೀಲಾವತಿಯ ಮನೆಯ ನಾಯಿ ಟೈಗರ್ ಕೊಬ್ಬಿತು. ಪಕ್ಕೆಲುಬು ಕಾಣುತ್ತಿದ್ದ ನಾಯಿಗೆ ಎರಡೂ ಕಡೆ ಹೊಟ್ಟೆ ಬಂತು. ಕತ್ತಿನ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಬೇಕಾಯಿತು. ಸಡಿಲ ಮಾಡಿದ್ದು ನೀಲಾವತಿಯೇ. ಮಾಡಿ, ಕೈ ತೊಳೆದು, ಒಳಗೆ ಹೋದಳು. ಆಗ ತನಗೆ ಏನೂ ಅನ್ನಿಸಲಿಲ್ಲವಲ್ಲ ಎಂಬುದು ಅವಳಿಗೆ ಇವತ್ತಿಗೂ ಒಂದು ಕಸಿವಿಸಿ.

ನೀಲಾವತಿ ಹುಟ್ಟಿದ್ದು ಭಾಗಮಂಡಲದಿಂದ ಇನ್ನೂ ಮೂರು ಮೈಲು ಒಳಗೆ. ಶಾಲೆ ಮೂರನೇ ಕ್ಲಾಸಿಗೆ ನಿಂತಿತು. ಅಕ್ಷರಗಳ ಗುರುತು ಉಂಟು, ಆದರೆ ಒಂದೊಂದನ್ನೇ ಕೂಡಿಸಿ ಓದಬೇಕು. ಇಟ್ಟ ಬೆರಳು ಎತ್ತಿದರೆ ಸಾಲು ತಪ್ಪುತ್ತದೆ. ಇವಳು ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಸುಂಟಿಕೊಪ್ಪ ಮುಟ್ಟಿರುತ್ತದೆ ಎಂದು ಗಂಡ ಸಾಂತಪ್ಪ ಬಂದವರ ಮುಂದೆಲ್ಲ ನಗುತ್ತಿದ್ದ. ಅವನು ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಅವನು ತೀರಿಕೊಂಡು ಹದಿಮೂರು ವರ್ಷವಾಯಿತು.

ಓದಲು ನಿಧಾನವಾದ ಆ ಕಣ್ಣು ಬೇರೆ ಒಂದು ಕೆಲಸಕ್ಕೆ ಬಲು ಚುರುಕು. ಇಪ್ಪತ್ತೇಳು ವರ್ಷ ನೀಲಾವತಿ ಕಾಫಿ ಬೀಜ ಆರಿಸಿದವಳು. ಉದ್ದನೆಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಮುಂದೆ ಬೀಜದ ರಾಶಿ. ಕಪ್ಪು, ಒಡಕು, ಹುಳುಕು ತೆಗೆದು ಪಕ್ಕಕ್ಕೆ ಹಾಕಬೇಕು. ಮೊದಲ ವಾರ ಒಂದು ಹುಳುಕು ಬೀಜ ಸಿಕ್ಕಿದಾಗ ಅವಳು ಎದ್ದು ನಿಂತು ಕೂಗಿದ್ದಳು. ಮೇಸ್ತ್ರಿ ಚನ್ನಮಲ್ಲಪ್ಪ ಎಂಬ ಬಯಲುಸೀಮೆಯ ಮುದುಕ ಅವಳನ್ನು ಕೂರಿಸಿ ಬುದ್ಧಿ ಹೇಳಿದ್ದ. ಒಂದು ಸಿಕ್ಕಿದರೆ ಬೊಬ್ಬೆ ಹೊಡೆಯಬೇಡ, ಪಕ್ಕಕ್ಕಿಡು. ಎರಡನೆಯದಕ್ಕೂ ಬಾಯಿ ಬಿಡಬೇಡ. ಮೂರನೆಯದು ಸಿಕ್ಕಿತೋ, ಆಗ ಮೂಟೆಯನ್ನೇ ಬಿಚ್ಚಿಸು. ನೀಲಾವತಿ ಆ ಮಾತನ್ನು ಬೀಜಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. ಸೊಸೆ ಬಂದ ಮೇಲೆ ಅಡುಗೆಮನೆಯಲ್ಲಿ ಜಗಳ ಹುಟ್ಟದೆ ಇದ್ದದ್ದೂ ಆ ಮೇಸ್ತ್ರಿಯ ಲೆಕ್ಕದಿಂದಲೇ.

ಈಗ ಮನೆಯಲ್ಲಿ ನಾಲ್ಕು ಜನ. ಮಗ ದೇರಪ್ಪ ಪಿಕಪ್ ಜೀಪು ಓಡಿಸುತ್ತಾನೆ. ಸೊಸೆ ಅಂಗನವಾಡಿಯಲ್ಲಿ ಸಹಾಯಕಿ. ಮೊಮ್ಮಗಳು ಅಶ್ವಿತಾಗೆ ಹತ್ತೊಂಬತ್ತು, ಮಡಿಕೇರಿಯ ಕಾಲೇಜಿನಲ್ಲಿ ಎರಡನೇ ವರ್ಷ.

ಅಶ್ವಿತಾ ಕೆಟ್ಟ ಹುಡುಗಿಯಲ್ಲ. ಫೋನು ಅವಳನ್ನು ಒಂದೇ ಸಲಕ್ಕೆ ನುಂಗಲಿಲ್ಲ, ಗೆದ್ದಲು ಬಾಗಿಲನ್ನು ತಿನ್ನುವ ಹಾಗೆ ಒಳಗಿಂದ ತಿಂದಿತು. ಮೊದಲು ಬಸ್ಸಿನಲ್ಲಿ ಹೋಗುವಾಗ ಬರುವಾಗ ನೋಡುತ್ತಿದ್ದಳು. ಆಮೇಲೆ ಉಣ್ಣುವಾಗ, ಸ್ನಾನಕ್ಕೆ ಹೋಗುವಾಗ. ಕರೆದರೆ ಮೂರನೇ ಸಲಕ್ಕೆ ತಲೆ ಎತ್ತುತ್ತಿದ್ದಳು, ಎತ್ತಿದರೂ ಕಣ್ಣು ಬೇರೆಲ್ಲೋ. ಜೂನ್‌ನಲ್ಲಿ ಒಂದು ದಿನ ದೇರಪ್ಪ ಫೋನು ಕಿತ್ತುಕೊಂಡು ಜೀಪಿನಲ್ಲಿಟ್ಟು ಬೀಗ ಹಾಕಿದ. ಹುಡುಗಿ ಗೋಡೆಗೆ ತಲೆ ಚಚ್ಚಿಕೊಂಡಳು, ಆಮೇಲೆ ಮಳೆಯಲ್ಲಿ ಬರಿಗಾಲಲ್ಲಿ ರಸ್ತೆಗೆ ಓಡಿದಳು. ಅಪ್ಪನೇ ಹಿಂದೆ ಓಡಿ, ಕಾಲು ಹಿಡಿಯುವುದೊಂದು ಬಾಕಿ, ಫೋನು ಕೊಟ್ಟು ಕರೆತಂದ. ಆ ದಿನದಿಂದ ಮನೆಯಲ್ಲಿ ಫೋನಿನ ಸುದ್ದಿ ಎತ್ತಲು ಎಲ್ಲರಿಗೂ ಭಯ.

ಕಾಲೇಜಿಗೆ ರಜೆ ಶುರುವಾದ ಜುಲೈ ಮೂರನೇ ವಾರದಿಂದ ಅಶ್ವಿತಾ ಇದ್ದಕ್ಕಿದ್ದಂತೆ ಶಾಂತವಾದಳು. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತಿದ್ದಳು, ಬಟ್ಟಲು ತುಂಬ ಬಡಿಸಿಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು, ಖಾಲಿ ಬಟ್ಟಲು ತೊಳೆದು ಕವುಚಿಡುತ್ತಿದ್ದಳು. ಎದುರು ಮಾತಿಲ್ಲ, ಸಿಟ್ಟಿಲ್ಲ. ದೊಗಲೆ ಸ್ವೆಟರ್ ಹಾಕಿಕೊಂಡು ನಗುನಗುತ್ತಾ ಓಡಾಡುತ್ತಿದ್ದಳು. ಸೊಸೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನೀಲಾವತಿಯೂ ಕೈ ಮುಗಿದಳು.

ಆಗಸ್ಟ್ ಮೊದಲ ವಾರ, ಆಟಿ ಹದಿನೆಂಟರ ಹಿಂದಿನ ದಿನ ಮುತ್ತಿ ಮದ್ದುಸೊಪ್ಪು ತಂದಳು. ಮುತ್ತಿ ಎಂದರೆ ಬೀಜ ಆರಿಸುವ ಶೆಡ್ಡಿನಲ್ಲಿ ನೀಲಾವತಿಯ ಎಡಗಡೆ ಕೂರುತ್ತಿದ್ದವಳು. ಈಗಲೂ ಹತ್ತಿರದ ಎಸ್ಟೇಟಿನ ಲೈನ್‌ಮನೆಯಲ್ಲೇ ಇದ್ದಾಳೆ. ಕಾಡಂಚಿನಲ್ಲಿ ಬೆಳೆಯುವ ಆ ಸೊಪ್ಪಿಗೆ ಆಟಿಯ ಹದಿನೆಂಟನೇ ದಿನ ಹದಿನೆಂಟು ಬಗೆಯ ಮದ್ದಿನ ಗುಣ ಸೇರುತ್ತದೆ ಎಂದು ಕೊಡಗಿನವರ ನಂಬಿಕೆ. ಸೊಪ್ಪನ್ನು ಕುದಿಸಿ ಇಟ್ಟರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ.

ಮುತ್ತಿ ಸೊಪ್ಪಿನ ಕಟ್ಟು ಇಳಿಸಿ, ಅಂಗಳದಲ್ಲಿ ಮಲಗಿದ್ದ ಟೈಗರನ್ನು ನೋಡಿ ಕೇಳಿದಳು. "ನೀಲಕ್ಕ, ಇದಕ್ಕೆ ಎಷ್ಟು ತಿಂಗಳು?"

"ಗಂಡು ನಾಯಿ ಮಾರಾಯ್ತಿ ಅದು."

"ಹಂಗಾದರೆ ನಿಮ್ಮ ಮನೆ ಊಟ ಬಾರಿ ಲಾಯಕ್ ಉಂಟು. ನಾಳೆಯಿಂದ ನಾನೂ ಇಲ್ಲೇ ಮಲಗ್ತೇನೆ."

ಮರುದಿನ ಪಾಯಸ ಅಳತೆಯಂತೆ ಎಂಟು ಸೌಟು ಆಯಿತು. ತಲೆಗೆ ಎರಡು. ನಾಯಿಗೆ ಇಲ್ಲ, ಅದು ಮದ್ದು, ಚೆಲ್ಲುವ ವಸ್ತುವಲ್ಲ. ಅಶ್ವಿತಾ ತನ್ನ ಬಟ್ಟಲಿಗೆ ತುಪ್ಪ, ಜೇನು ಕೇಳಿ ಹಾಕಿಸಿಕೊಂಡು ಕೋಣೆಗೆ ಹೋದಳು.

ಆ ಪಾಯಸಕ್ಕೆ ಒಂದು ಗುಣ ಉಂಟು. ಉಂಡವರಿಗೆ ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಹಾಗೆ ಹೋದರೆ ಮದ್ದು ಮೈಗೆ ಹಿಡಿಯಿತು ಎಂದು ಅರ್ಥ. ಈ ಮನೆಯಲ್ಲಿ ಅದಕ್ಕೆ ಪಾಸಾಗುವುದು ಎಂದು ಹೆಸರು, ಸಾಂತಪ್ಪ ಇಟ್ಟದ್ದು. ಬೆಳಿಗ್ಗೆ ದೇರಪ್ಪ ಬಚ್ಚಲ ಕಡೆಯಿಂದ ಬಂದು ಪಾಸ್ ಎಂದ. ಸೊಸೆ ನಾಚಿಕೊಂಡು ತಾನೂ ಪಾಸ್ ಎಂದಳು. ಅಶ್ವಿತಾ ಯಾರೂ ಕೇಳುವ ಮೊದಲೇ ಬಾಗಿಲಲ್ಲಿ ನಿಂತು ತನ್ನದೂ ಪಾಸ್ ಎಂದಳು. ಎಲ್ಲರೂ ನಕ್ಕರು.

ಹನ್ನೊಂದು ಗಂಟೆಗೆ ನೀಲಾವತಿ ಜೀಪಿನ ಶೆಡ್ಡು ಗುಡಿಸುತ್ತಿದ್ದಳು. ಟೈಗರ್ ಮಳೆಯಿಂದ ಓಡಿ ಬಂದು, ಮೈ ಕೊಡವಿ, ಸುಣ್ಣ ಹೊಡೆದ ಕಂಬದ ಬುಡದಲ್ಲಿ ಕಾಲೆತ್ತಿತು.

ಬಿಳಿ ಕಂಬದ ಮೇಲೆ ಕೆಂಪು ಇಳಿಯಿತು. ಎಲೆಯಡಿಕೆ ಉಗಿದ ಹಾಗೆ.

ನೀಲಾವತಿ ಪೊರಕೆ ಹಿಡಿದು ನಿಂತಳು. ನಾಯಿಗೆ ಗಾಯವಾಯಿತೇ ಎಂದು ಮೊದಲು ಹೊಟ್ಟೆಯಡಿ ಮುಟ್ಟಿ ನೋಡಿದಳು. ಗಾಯವಿಲ್ಲ, ನೋವಿಲ್ಲ, ಅದು ಬಾಲ ಆಡಿಸಿತು. ಎಂಟು ಸೌಟನ್ನು ಮನಸ್ಸಿನಲ್ಲೇ ಮತ್ತೆ ಬಡಿಸಿದಳು. ದೇರಪ್ಪ ಎದುರಿಗೆ ಕೂತು ಉಂಡಿದ್ದ. ಸೊಸೆ ಒಲೆಯ ಹತ್ತಿರ ಉಂಡಿದ್ದಳು. ತನ್ನ ಎರಡು ಸೌಟು ತನ್ನ ಹೊಟ್ಟೆಯಲ್ಲಿದೆ. ಉಳಿದದ್ದು ಒಂದೇ ಬಟ್ಟಲು.

ಒಂದು ಬೀಜ. ಪಕ್ಕಕ್ಕಿಟ್ಟಳು.

ಎರಡನೆಯದಕ್ಕೆ ಹುಡುಕಬೇಕಾಗಲಿಲ್ಲ, ಅದು ನಾಯಿಯ ಕತ್ತಿನಲ್ಲೇ ಇತ್ತು. ತಾನೇ ಸಡಿಲ ಮಾಡಿದ ಪಟ್ಟಿ.

ಮೂರನೆಯದಕ್ಕಾಗಿ ಅವಳು ಮಧ್ಯಾಹ್ನ ಕೊಡೆ, ಕತ್ತಿ ಹಿಡಿದು ಮನೆಯ ಹಿಂದೆ ಕೆಸದ ಎಲೆ ಕೊಯ್ಯಲು ಹೋದಳು. ಅಶ್ವಿತಾಳ ಕಿಟಕಿಯ ಕೆಳಗೆ ಹುಲ್ಲು ತುಳಿದು ಒಂದು ಸಣ್ಣ ದಾರಿಯೇ ಬಿದ್ದಿತ್ತು. ಟೈಗರ್ ಮೊದಲೇ ಬಂದು ಕಾಯುತ್ತಾ ಕೂತಿತ್ತು, ಬಸ್ಸಿಗೆ ಕಾಯುವವರ ಹಾಗೆ. ಸ್ವಲ್ಪ ಹೊತ್ತಿಗೆ ಒಳಗೆ ಫೋನಿನ ಬೆಳಕು ಒಂದು ಸಲ ಮಿಂಚಿತು. ಆಮೇಲೆ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು. ಬಟ್ಟಲಿನ ಅನ್ನ, ಸಾರು, ಪಲ್ಯ ಎಲ್ಲ ಕೆಳಗೆ ಬಿತ್ತು. ಸ್ವೆಟರಿನ ತೋಳು ಸರಳಿಗೆ ತಾಗಿ ಹಿಂದೆ ಸರಿದಿತ್ತು. ಮಣಿಕಟ್ಟಿನಲ್ಲಿರಬೇಕಾದ ಬಳೆ ಮೊಣಕೈವರೆಗೆ ಜಾರಿ ನಿಂತಿತ್ತು.

ಮೊಮ್ಮಗಳ ಕೈ ಅಷ್ಟು ತೆಳ್ಳಗಾದದ್ದು ಮನೆಯ ಮೂವರಿಗೂ ಕಂಡಿರಲಿಲ್ಲ. ನಾಯಿ ದಪ್ಪಗಾದದ್ದು ಮಾತ್ರ ಊರಿಗೆಲ್ಲ ಕಂಡಿತ್ತು.

ದೇರಪ್ಪನಿಗೆ ಹೇಳಿದರೆ ಅವನು ಬಾಗಿಲು ಒಡೆದು ಫೋನು ಕಿತ್ತುಕೊಳ್ಳುತ್ತಾನೆ, ಜೂನಿನಂತೆ ಹುಡುಗಿ ಓಡುತ್ತಾಳೆ. ಈ ಸಲ ಹಿಂದೆ ಬರುತ್ತಾಳೋ ಇಲ್ಲವೋ. ಮೂಟೆ ಬಿಚ್ಚಬೇಕು ನಿಜ, ಆದರೆ ಹರಿಯಬಾರದು. ಆ ರಾತ್ರಿ ನೀಲಾವತಿಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ, ಮಗ ಸೊಸೆ ಕೆಲಸಕ್ಕೆ ಹೋದ ನಂತರ, ಮನೆ ಖರ್ಚಿಗೆಂದು ಇಟ್ಟಿದ್ದ ಕಾಫಿ ಬೀಜವನ್ನು ಮೊರಕ್ಕೆ ಸುರಿದುಕೊಂಡು ಅಶ್ವಿತಾಳ ಕೋಣೆಗೇ ಹೋದಳು. ಕೆಳಗೆ ಕೂರಲು ಸೊಂಟ ಬರುವುದಿಲ್ಲ ಎಂದು ಮಂಚದ ತುದಿಯಲ್ಲಿ ಕೂತು ಬೀಜ ಆರಿಸತೊಡಗಿದಳು.

ಅಶ್ವಿತಾ ಫೋನು ಸ್ವೆಟರಿನೊಳಗೆ ಸೇರಿಸಿದಳು. ನೀಲಾವತಿ ನೋಡಲಿಲ್ಲ. ಎರಡು ಹಿಡಿ ಬೀಜ ಆರಿಸಿದ ಮೇಲೆ, ಕೈ ನಿಲ್ಲಿಸದೆ, ಆ ಪಾಯಸ ನಾಯಿಗೆ ಬಹಳ ಒಗ್ಗಿತು ಎಂದಳು. ಕಂಬದ ಸುದ್ದಿ ಹೇಳಿದಳು. ಗದರಲಿಲ್ಲ, ಬಣ್ಣ ಹೇಗಿತ್ತು, ಎಷ್ಟು ಗೇಣು ಇಳಿಯಿತು ಅಷ್ಟೇ ಹೇಳಿದಳು.

ಹುಡುಗಿಯ ಮುಖ ಸುಣ್ಣದಂತಾಯಿತು. "ಅಪ್ಪನಿಗೆ ಗೊತ್ತುಟ್ಟಾ?"

"ಇಲ್ಲೆ. ನಂಗೆ ಮತ್ತೆ ಟೈಗರ್‌ಗೆ ಮಾತ್ರ."

ಅಶ್ವಿತಾ ನಗಲು ಹೋಗಿ ಅತ್ತಳು. ಅತ್ತು ಮುಗಿಯುವವರೆಗೆ ನೀಲಾವತಿ ಬೀಜ ಆರಿಸುತ್ತಲೇ ಇದ್ದಳು. ಆಮೇಲೆ ಫೋನಿನಲ್ಲಿ ಏನು ಬರೆದಿದೆಯೋ ಅದನ್ನು ತನಗೂ ಓದಿ ಹೇಳು ಎಂದಳು. ಯಾರಿಗೂ ಹೇಳಬಾರದೆಂದು ಅಶ್ವಿತಾಗೆ ಆಣೆ ಇತ್ತು. ಆದರೆ ಅಜ್ಜಿಗೆ ಹೇಳಿದರೆ ಹೇಳಿದ ಹಾಗೆ ಅಲ್ಲವಲ್ಲ. ಅಜ್ಜಿ ಯಾವ ಗ್ರೂಪಿನಲ್ಲಿದ್ದಾಳೆ, ಬಸ್ಸಿನ ಬೋರ್ಡೇ ಓದಲಾಗದವಳು. ಹಾಗೆಂದುಕೊಂಡು ಓದತೊಡಗಿದಳು. ಇಷ್ಟು ದಿನ ಹೇಳಲು ಜನ ಸಿಗದೆ ಅವಳಿಗೂ ಉಸಿರು ಕಟ್ಟಿತ್ತು.

ಗ್ರೂಪಿನ ಹೆಸರು 'ಹಗುರ'. ಮೂವತ್ತೆರಡು ಹುಡುಗಿಯರು. ನಡೆಸುವವಳನ್ನು ಎಲ್ಲರೂ ದೀದಿ ಎನ್ನುತ್ತಾರೆ. ಇಪ್ಪತ್ತೊಂದು ದಿನದಲ್ಲಿ ಮೈ, ಮನೆ, ಮನಸ್ಸು ಮೂರನ್ನೂ ಹಗುರ ಮಾಡಿಕೊಳ್ಳಬೇಕು. ಮೊದಲ ದಿನಗಳಲ್ಲಿ ಸುಲಭದ ಕೆಲಸ: ಬೆಳಿಗ್ಗೆ ಬೇಗ ಏಳುವುದು, ಕನ್ನಡಿಯ ಮುಂದೆ ನಗುವುದು. ಆಮೇಲೆ ಬಟ್ಟಲು ತುಂಬ ಬಡಿಸಿಕೊಂಡು ಫೋಟೋ ಕಳಿಸಬೇಕು, ಉಣ್ಣಬಾರದು. ಆಮೇಲೆ ಗೆಳತಿಯರನ್ನು ಒಬ್ಬೊಬ್ಬರಾಗಿ ಬಿಡಬೇಕು. ದೀದಿಯ ಮಾತು ಬರಹದಲ್ಲಿ ಮಾತ್ರವಲ್ಲ, ಸ್ವರದಲ್ಲೂ ಇತ್ತು. ಮಗುವಿಗೆ ಕಹಿ ಔಷಧಿ ಕುಡಿಸುವಾಗ ಮಾತಾಡುವಂಥ ಸ್ವರ, ಪ್ರತಿ ಮಾತಿನ ಕೊನೆಗೆ 'ಆಯ್ತಾ ಮಗಳೇ'.

ನೀಲಾವತಿ ಒಂದೊಂದು ಸಾಲಿಗೂ ನಿಲ್ಲಿಸುತ್ತಿದ್ದಳು. ಅದರರ್ಥ ಏನು, ನಮ್ಮ ಮಾತಿನಲ್ಲಿ ಹೇಳು ಎನ್ನುತ್ತಿದ್ದಳು. ಅಶ್ವಿತಾ ಬೆರಳಿನಿಂದ ಸರ್ರನೆ ಸರಿಸಿ ನೋಡಿದ್ದನ್ನು ಈಗ ಅಜ್ಜಿಯ ನಡಿಗೆಯಲ್ಲಿ ನಡೆಯಬೇಕಾಯಿತು. ಮನೆಯವರು ನಿನ್ನ ಭಾರ ಎಂದು ಓದಿದಳು. ಅದನ್ನು ಮನೆಮಾತಿಗೆ ತಿರುಗಿಸಿ ಅಜ್ಜಿಯ ಮುಖ ನೋಡಿ ಹೇಳಲು ಹೋದಾಗ ನಾಲಿಗೆ ಏಳಲಿಲ್ಲ.

"ಭಾರ ಅಂತ ಹೇಳಿಯಾಳಾ? ಇರಲಿ, ಮುಂದೆ ಓದ್" ಎಂದಳು ನೀಲಾವತಿ.

ಮಧ್ಯಾಹ್ನದ ಹೊತ್ತಿಗೆ ಉಳಿದ ಹುಡುಗಿಯರ ಫೋಟೋಗಳು ಬಂದವು. ಹುಬ್ಬಳ್ಳಿಯ ಒಬ್ಬಳು ಅಶ್ವಿತಾಗೆ ಜೀವದ ಗೆಳತಿ. ದಿನಾ ರಾತ್ರಿ ಇಬ್ಬರೂ ಒಬ್ಬರಿಗೊಬ್ಬರು ಬರೆದುಕೊಂಡು ಅಳುತ್ತಿದ್ದರು. ಅವಳ ಊಟದ ಫೋಟೋ ತೋರಿಸಿದಳು: ಜೋಳದ ರೊಟ್ಟಿ, ಪಲ್ಯ. ಮಂಗಳೂರಿನವಳದ್ದು ಕುಚ್ಚಲಕ್ಕಿ ಅನ್ನ, ಸಾರು. ಮೈಸೂರಿನವಳದ್ದು ಮುದ್ದೆ.

ನೀಲಾವತಿಯ ಕೈ ಮೊರದಲ್ಲಿ ನಿಂತಿತು. ಬೆಳಗಿನಿಂದ ಮೊದಲ ಸಲ.

"ಆ ರೊಟ್ಟಿದ್ದು ಇನ್ನೊಮ್ಮೆ ತೋರ್ಸ್."

ತೋರಿಸಿದಳು. ಸ್ಟೀಲಿನ ಬಟ್ಟಲು. ಅಂಚಿನಲ್ಲಿ ಒಂದು ಕಡೆ ಉಗುರಿನಿಂದ ಒತ್ತಿದ ಹಾಗೆ ತಗ್ಗು, ಅದರ ಪಕ್ಕ ಕುಡುಗೋಲಿನಂತೆ ಬಾಗಿದ ಒಂದು ಗೀರು. ನೀಲಾವತಿ ಮುದ್ದೆಯದ್ದು ಕೇಳಿದಳು. ಆಮೇಲೆ ಅನ್ನದ್ದು.

"ಮೂರು ಊರಿನ ಹುಡುಗಿಯರು ಒಂದೇ ಬಟ್ಟಲಲ್ಲಿ ಉಣ್ಣುದು ಹೆಂಗೆ?"

ಅಶ್ವಿತಾ ಅಜ್ಜಿಗೆ ಮರುಳು ಎಂಬಂತೆ ನೋಡಿದಳು. ಆಮೇಲೆ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು. ಇನ್ನೊಂದು, ಮತ್ತೊಂದು. ಹೊಸತು ಹಳತು ಎಲ್ಲ ತೆಗೆದು ನೋಡಿದಳು. ಇಪ್ಪತ್ತೊಂಬತ್ತು ಹುಡುಗಿಯರ ಊಟ ಅದೇ ತಗ್ಗು, ಅದೇ ಗೀರಿನ ಬಟ್ಟಲಿನಲ್ಲಿತ್ತು. ಹುಬ್ಬಳ್ಳಿಯ ಗೆಳತಿ ಇರಲೇ ಇಲ್ಲ. ಇವಳು ಯಾರ ಕಣ್ಣೀರಿಗೆ ತನ್ನ ಕಣ್ಣೀರು ಸೇರಿಸಿದ್ದಳೋ ಅದು ದೀದಿಯೇ ಕೂತು ಬರೆದದ್ದು. ಅಶ್ವಿತಾ ಫೋನನ್ನು ಹಾಸಿಗೆಯ ಮೇಲೆ ಕವುಚಿಟ್ಟು, ಸತ್ತವರ ಮನೆಯಲ್ಲಿ ಕೂರುವ ಹಾಗೆ ಕೂತಳು.

ಆಗ ನೀಲಾವತಿ ನಾನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ಅವಳು ಮೊದಲೇ ಏನೂ ಹೇಳಿರಲಿಲ್ಲ, ಅದೂ ನಿಜ. ಒಳಗೆ ಹೋಗಿ ಗಂಜಿಯ ತಿಳಿಗೆ ಉಪ್ಪು ಹಾಕಿ ತಂದಳು. ನಾಲ್ಕು ಚಮಚ ಇಳಿಯಿತು.

ಆ ನಾಲ್ಕು ಚಮಚದ ಮೇಲೆ ಉಳಿದ ಮಾತು ಹೊರಬಂತು. ಅಂದು ಅಶ್ವಿತಾಳ ಹದಿನಾರನೇ ದಿನ. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಯಾರಿಗೂ ಹೇಳದೆ, ಹಳದಿ ರೇನ್‌ಕೋಟು ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಫೋನಿನ ಸಿಮ್ಮು ತೆಗೆದು ಎಸೆದಿರಬೇಕು. ಕಾರು ಬರುತ್ತದೆ. ಎಲ್ಲಿಗೆ ಎಂದು ಕೇಳಬಾರದು. ಹೋಗದಿದ್ದರೆ ದೀದಿಯ ಹತ್ತಿರ ಒಂದು ವಿಡಿಯೋ ಉಂಟು. 'ಮನೆ ಹಗುರ' ಮಾಡಿಕೊಳ್ಳುವ ದಿನ ಅಪ್ಪ ಅಮ್ಮ ಅಜ್ಜಿಯ ಮೇಲಿನ ಸಿಟ್ಟನ್ನೆಲ್ಲ ಹೇಳಿ ಕಳಿಸಿದ್ದು. ಅದು ನೆಂಟರಿಗೆ, ಕಾಲೇಜಿಗೆ, ಊರಿಗೆಲ್ಲ ಹೋಗುತ್ತದೆ. ಮೋಸ ಎಂದು ತಿಳಿದ ಮೇಲೂ ಹುಡುಗಿ ಹೆದರಿದ್ದು ಅದಕ್ಕೆ. ಅಪ್ಪ ಅದನ್ನು ನೋಡುವುದಕ್ಕಿಂತ ಆ ಕಾರು ಹತ್ತುವುದೇ ಸಲೀಸು ಎಂದಳು.

"ನನ್ನ ಸುದ್ದಿ ಎಂತ ಹೇಳಿಯ ಅದ್ರಲ್ಲಿ?"

"ಅಜ್ಜಿ ಒಂದೇ ಮಾತನ್ನ ಹತ್ತು ಸಲ ಹೇಳ್ತಾಳೆ ಅಂತ."

"ಅದು ಸತ್ಯವೇ. ಮತ್ತೆ?"

"ಮೈಗೆ ಹೊಗೆ ವಾಸನೆ ಅಂತ."

"ಒಲೆ ಮುಂದೆ ಕೂತವಳಿಗೆ ಮಲ್ಲಿಗೆ ವಾಸನೆ ಬರ್ತದಾ? ಮತ್ತೆ?"

ಮತ್ತೆ ಇರಲಿಲ್ಲ. ಹೆದರಿಕೆ ಇರುವುದು ಮುಚ್ಚಿಟ್ಟ ಮೂಟೆಯಲ್ಲಿ. ಬಿಚ್ಚಿ ಹರಡಿದರೆ ಅದು ಬೀಜವೇ ಹೊರತು ಹಾವಲ್ಲ ಎಂದು ನೀಲಾವತಿ ಹೇಳಿದಳು. ಇದನ್ನೂ ಹತ್ತು ಸಲ ಹೇಳಿರಬೇಕು.

ಆ ಸಂಜೆ ಅಶ್ವಿತಾ ತಾನೇ ಅಪ್ಪ ಅಮ್ಮನ ಮುಂದೆ ಆ ವಿಡಿಯೋ ಹಾಕಿದಳು. ನೀಲಾವತಿ ಅವಳ ಪಕ್ಕಕ್ಕೆ ತಾಗಿ ಕೂತಿದ್ದಳು. ಅಪ್ಪ ಕುಡಿದು ಬಂದ ದಿನ ಅವನ ಎದುರು ಕೂತು ಉಣ್ಣಲು ನನಗೆ ನಾಚಿಕೆ ಎಂದು ಫೋನಿನೊಳಗಿನ ಅಶ್ವಿತಾ ಹೇಳಿದಾಗ ದೇರಪ್ಪ ಎದ್ದು ಶೆಡ್ಡಿಗೆ ಹೋದ. ಕಂಬಕ್ಕೆ ಕೈ ಕೊಟ್ಟು ಮಳೆ ನೋಡುತ್ತಾ ನಿಂತ. ಸೊಸೆ ಮಗಳ ಸ್ವೆಟರಿನ ತೋಳು ಮೇಲೆ ಸರಿಸಿ ಆ ಕೈಯನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಸುಮಾರು ಹೊತ್ತಾದ ಮೇಲೆ ದೇರಪ್ಪ ಒಳಗೆ ಬಂದ.

"ಇನ್ನೂ ಎಂತಾದ್ರೂ ಉಟ್ಟಾ?"

"ಇಲ್ಲೆ ಅಪ್ಪ. ಅಷ್ಟೇ."

"ಹಂಗಾದ್ರೆ ಅವಳು ಯಾರಿಗೆ ಬೇಕಾದ್ರೂ ಕಳಿಸ್ಲಿ. ಸುಳ್ಳು ಒಂದೂ ಇಲ್ಲೆ ಅದ್ರಲ್ಲಿ."

ಆ ಕ್ಷಣದಲ್ಲಿ ದೀದಿಯ ಕೈಯಲ್ಲಿದ್ದ ಹಗ್ಗ ತುಂಡಾಯಿತು. ಆದರೆ ಕಾರು ಬರುವುದು ತಪ್ಪಿರಲಿಲ್ಲ. ಈ ಹುಡುಗಿ ಹೋಗದಿದ್ದರೆ ಇನ್ನೊಬ್ಬಳು ಹೋಗುತ್ತಾಳೆ. ಅವಳ ಮನೆಯಲ್ಲಿ ಟೈಗರ್ ಇರಲಿಕ್ಕಿಲ್ಲ. ಮರುದಿನ ದೇರಪ್ಪ ಮಡಿಕೇರಿಯಲ್ಲಿ ಪೊಲೀಸ್ ಕೆಲಸದಲ್ಲಿದ್ದ ನೆರೆಮನೆಯ ತೇಜಸ್‌ನನ್ನು ಕರೆತಂದ. ತೇಜಸ್ ಎಲ್ಲವನ್ನೂ ಕೇಳಿಸಿಕೊಂಡು ಬರೆದುಕೊಂಡ. ದೀದಿಗೆ ಅನುಮಾನ ಬಾರದಂತೆ ಮೊದಲಿನ ಹಾಗೆಯೇ ಫೋಟೋ ಕಳಿಸುತ್ತಿರಬೇಕು ಎಂದ. ಹಾಗಾಗಿ ಆ ನಾಲ್ಕು ದಿನ ಅಶ್ವಿತಾ ಬಟ್ಟಲಿನ ಫೋಟೋ ಕಳಿಸಿ, ಆಮೇಲೆ ಅದರಿಂದ ಎರಡು ತುತ್ತು, ಮೂರು ತುತ್ತು ಉಂಡಳು. ಟೈಗರ್ ಕಿಟಕಿಯಡಿ ಕೂತು ಕಾದು, ಬೇಸರಪಟ್ಟು ಎದ್ದು ಹೋಯಿತು.

ಇಪ್ಪತ್ತೊಂದನೇ ದಿನ ಹುಡುಗಿಯನ್ನು ಹೊರಗೆ ಬಿಡಲಿಲ್ಲ. ಅವಳ ಹಳದಿ ರೇನ್‌ಕೋಟನ್ನು ಒಬ್ಬಳು ಹೆಣ್ಣು ಪೊಲೀಸು ಹಾಕಿಕೊಂಡು, ಟೊಪ್ಪಿಯನ್ನು ಮುಖದವರೆಗೆ ಎಳೆದು ನಿಂತಳು. ಆದರೆ ಬರುವವಳು ದೀದಿಯೇ ಎಂದು ಗುರುತಿಸುವುದು ಹೇಗೆ? ಮುಖ ಯಾರೂ ನೋಡಿಲ್ಲ. ಸ್ವರ ತನಗೆ ಗೊತ್ತುಂಟು ಎಂದು ನೀಲಾವತಿ ಹೇಳಿದಳು. ನಾಲ್ಕು ದಿನ ಬೇಕೆಂದೇ ಕೇಳಿದ್ದಳು, ಕಾಳು ಹಿಡಿದು ನೋಡಿದ ಹಾಗೆ. ತೇಜಸ್ ಬೇಡ ಎಂದ. ನೀಲಾವತಿ ಹತ್ತು ಸಲ ಹೇಳಿದಳು. ಹನ್ನೊಂದನೇ ಸಲಕ್ಕೆ ಅವನು ಒಪ್ಪಿದ.

ಒಂಬತ್ತೂವರೆಗೆ ಅವಳೂ ಮುತ್ತಿಯೂ ಬಸ್ ಸ್ಟ್ಯಾಂಡಿನ ಮುಂದೆ ಕೊಡೆ ಹಿಡಿದು ಎಸ್ಟೇಟ್ ಜೀಪಿಗೆ ಕಾಯುವವರಂತೆ ನಿಂತರು. ಕೆಲಸಕ್ಕೆ ಹೊರಟ ಮುದುಕಿಯರನ್ನು ಯಾರೂ ನೋಡುವುದಿಲ್ಲ; ಕಂಬವನ್ನಾದರೂ ನೋಡುತ್ತಾರೆ. ಮುತ್ತಿಗೆ ವಿಷಯ ತಿಳಿದಿತ್ತು. ಹೆದರಿಕೆ ತಡೆಯಲಾಗದೆ ಅವಳು ಕಾಲು ನೋವು, ಹಲ್ಲು ನೋವು, ಸೊಸೆಯ ದೂರು ಎಂದು ಒಂದೇ ಸಮನೆ ಮಾತಾಡಿದಳು. ನೀಲಾವತಿಗೆ ಒಂದೂ ಕೇಳಿಸಲಿಲ್ಲ.

ಹತ್ತು ದಾಟಿ ಆರು ನಿಮಿಷಕ್ಕೆ ಒಂದು ಬಿಳಿ ಕಾರು ನಿಧಾನವಾಗಿ ಬಂತು. ಹಳದಿ ಕೋಟಿನ ಮುಂದೆ ನಿಂತಿತು. ಹಿಂದಿನ ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. ಮಳೆಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ. ನೀಲಾವತಿ ರಸ್ತೆ ದಾಟುವವಳಂತೆ ಎರಡು ಹೆಜ್ಜೆ ಮುಂದೆ ಬಂದಳು.

"ಒಳಗೆ ಬಾ, ಒದ್ದೆ ಆಗ್ತೀಯ. ಆಯ್ತಾ ಮಗಳೇ."

ನೀಲಾವತಿ ಆ ಮಳೆಯಲ್ಲಿ ಕೊಡೆ ಮಡಚಿದಳು. ಅದೇ ಗುರುತು.

ಮುಂದಿನದು ಬಹಳ ಬೇಗ ಆಯಿತು. ಹಿಂದಿನಿಂದ ತೇಜಸ್‌ನ ಜೀಪು, ಮುಂದಿನಿಂದ ದೇರಪ್ಪನ ಪಿಕಪ್ಪು. ಕಾರಿನಲ್ಲಿ ಓಡಿಸುವ ಗಂಡಸು ಒಬ್ಬ, ನೀಲಾವತಿಯ ಸೊಸೆಯ ಪ್ರಾಯದ ಹೆಂಗಸು ಒಬ್ಬಳು. ಅವಳ ಆಚೆ ಬದಿಗೆ, ಬ್ಯಾಗನ್ನು ಎದೆಗೆ ಒತ್ತಿಕೊಂಡು, ತುಟಿ ಒಣಗಿದ ಒಬ್ಬಳು ಹುಡುಗಿ. ಮೂವತ್ತೆರಡರಲ್ಲಿ ನಿಜವಾಗಿ ಇದ್ದ ಮೂವರಲ್ಲಿ ಅವಳೂ ಒಬ್ಬಳು. ಆ ಬೆಳಿಗ್ಗೆಯೇ ಬ್ಯಾಗು ಹಿಡಿದು ಮನೆ ಬಿಟ್ಟವಳು. ಮುತ್ತಿ ತನ್ನ ಬುತ್ತಿಯನ್ನು ಬಿಚ್ಚಿ ಅವಳ ಮುಂದೆ ಹಿಡಿದಳು. ಹುಡುಗಿ ಉಣ್ಣಲಿಲ್ಲ, ಆದರೆ ಮುತ್ತಿಯ ಸೆರಗನ್ನು ಹಿಡಿದುಕೊಂಡವಳು ಮಡಿಕೇರಿ ತಲುಪುವವರೆಗೆ ಬಿಡಲಿಲ್ಲ.

ವಾರ ಕಳೆದು ತೇಜಸ್ ಮನೆಗೆ ಬಂದು ಕೂತು ಎಲ್ಲ ಹೇಳಿದ. ಹುಡುಗಿಯರನ್ನು ದೂರದ ಊರಿಗೆ ಸಾಗಿಸುವ ಜನ, ಇನ್ನೂ ಕೆಲವರನ್ನು ಹುಡುಕುತ್ತಿದ್ದಾರೆ, ಮೂರನೆಯ ಹುಡುಗಿ ತನ್ನ ಮನೆಯಲ್ಲಿ ಕ್ಷೇಮವಾಗಿದ್ದಾಳೆ. ಬಾಡಿಗೆ ಕೋಣೆಯಲ್ಲಿ ಒಂಬತ್ತು ಫೋನು ಸಿಕ್ಕಿದವು. ನೀಲಾವತಿ ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: ಆ ಬಟ್ಟಲು ಸಿಕ್ಕಿತೇ? ಸಿಕ್ಕಿತು ಎಂದ ತೇಜಸ್. ಅವಳಿಗೆ ಅಷ್ಟು ಸಾಕಾಗಿತ್ತು.

ಅಶ್ವಿತಾ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಡಿಕೇರಿಯ ಡಾಕ್ಟರು ಹೇಳಿದಂತೆ ಅನ್ನವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕಾಯಿತು. ವಾರಕ್ಕೊಮ್ಮೆ ಅಲ್ಲೇ ಒಬ್ಬರು ಮೇಡಂ ಹತ್ತಿರ ಕೂತು ಮಾತಾಡಿ ಬರುತ್ತಿದ್ದಳು. ಫೋನನ್ನು ತಾನಾಗಿಯೇ ಅಮ್ಮನ ಕೈಗೆ ಕೊಟ್ಟು ಗುಂಡಿ ಒತ್ತುವ ಹಳೆಯ ಫೋನು ಇಟ್ಟುಕೊಂಡಳು. ಆದರೂ ಕೂತಲ್ಲಿ ಅವಳ ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಸರಿಸುತ್ತಿತ್ತು. ಆಗ ನೀಲಾವತಿ ಮೊರವನ್ನು ಅವಳ ಕಡೆ ತಳ್ಳುತ್ತಿದ್ದಳು. ಬೆರಳಿಗೂ ಒಂದು ಕೆಲಸ ಬೇಕಲ್ಲ. ದೇರಪ್ಪ ಕುಡಿಯುವುದನ್ನು ಪೂರ್ತಿ ಬಿಟ್ಟ ಎಂದು ಹೇಳಿದರೆ ಸುಳ್ಳಾಗುತ್ತದೆ. ಕುಡಿದ ದಿನ ಊಟಕ್ಕೆ ಕೂರುತ್ತಿರಲಿಲ್ಲ. ಆ ದಿನಗಳೂ ಕಡಿಮೆಯಾದವು.

ಆಟಿ ಕಳೆದು ಸೋಣ ತಿಂಗಳು ಹುಟ್ಟಿತು. ಒಂದು ಬೆಳಿಗ್ಗೆ ಅಶ್ವಿತಾ ಒಲೆಯ ಹತ್ತಿರ ಬಂದು ಕೂತು, ಆ ಪಾಯಸ ಇನ್ನೊಮ್ಮೆ ಮಾಡಲು ಆಗುತ್ತದೆಯೇ ಎಂದು ಕೇಳಿದಳು. ನೀಲಾವತಿ ಲೈನ್‌ಮನೆಗೆ ಹೋಗಿ ಮುತ್ತಿಯನ್ನು ಕೇಳಿದಳು.

"ಆಟಿ ಹೋಯ್ತು ನೀಲಕ್ಕ. ಈಗ ಅದು ಬರೀ ಸೊಪ್ಪು" ಎಂದಳು ಮುತ್ತಿ. ಹಾಗೆ ಹೇಳಿ, ಕತ್ತಿ ತೆಗೆದುಕೊಂಡು, ಜಿಗಣೆಗೆ ಬೈಯುತ್ತಾ ಕಾಡಂಚಿಗೆ ಹೋಗಿ ಒಂದು ಕಟ್ಟು ತಂದಳು.

ನೀರಿಗೆ ಮೊದಲಿನಷ್ಟು ಗಾಢ ಬಣ್ಣ ಬರಲಿಲ್ಲ. ಆದರೂ ಬಂತು. ಈ ಸಲ ನೀಲಾವತಿ ಅಳತೆ ಬದಲಿಸಿ ಹತ್ತು ಸೌಟಿಗೆ ಇಟ್ಟಳು. ಅಶ್ವಿತಾ ಅಡುಗೆಮನೆಯಲ್ಲೇ, ಎಲ್ಲರ ನಡುವೆ ಕೂತು, ಮೊದಲು ಒಂದು ಸೌಟು, ಸ್ವಲ್ಪ ತಡೆದು ಇನ್ನೊಂದು ಸೌಟು ಉಂಡಳು. ನೀಲಾವತಿ ಹೊರಗೆ ಹೋಗಿ ಉಳಿದ ಎರಡು ಸೌಟನ್ನು ಟೈಗರನ ತಟ್ಟೆಗೆ ಹಾಕಿದಳು. ಅದಕ್ಕೆ ಅದು ಸಲ್ಲಬೇಕಾದದ್ದು. ಮದ್ದನ್ನು ನಾಯಿಗೆ ಹಾಕಬಾರದೆಂದು ಹೇಳಿದವಳೂ ತಾನೇ ಎಂಬುದು ನೆನಪಿತ್ತು. ಸತ್ತುಹೋದ ಚನ್ನಮಲ್ಲಪ್ಪ ಮೇಸ್ತ್ರಿಗೆ, ಸೊಪ್ಪು ಬೆಳೆದ ಕಾಡಂಚಿಗೆ, ಕಂಬಕ್ಕೆ ಸುಣ್ಣ ಹೊಡೆದಿದ್ದ ಮಗನಿಗೆ, ಮನಸ್ಸಿನಲ್ಲೇ ಒಂದೊಂದು ಸಲ ಕೈ ಮುಗಿದಳು.

ಮರುದಿನ ಬೆಳಿಗ್ಗೆ ಅವಳು ಒಲೆಗೆ ಸೌದೆ ಒಡ್ಡುತ್ತಿದ್ದಾಗ ಬಚ್ಚಲ ಬಾಗಿಲು ತೆರೆದ ಸದ್ದಾಯಿತು. ಅಶ್ವಿತಾ ಅಲ್ಲೇ ನಿಂತು, ಇಡೀ ಮನೆಗೆ ಕೇಳುವ ಹಾಗೆ, ಹೇಳಿದಳು.

"ಅಜ್ಜಿ, ಪಾಸ್."

ನೀಲಾವತಿ ಊದುಕೊಳವೆ ಕೆಳಗಿಟ್ಟಳು. ಹೊಗೆಯಿಂದಲೋ ಏನೋ ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಂಡಳು.

"ಸರಿಯಾಗಿ ನೋಡಿಯಾ?"

"ಸರಿಯಾಗಿ ನೋಡ್ದೆ."

"ಹಂಗಾದ್ರೆ ಬಾ, ಬಿಸಿ ರೊಟ್ಟಿ ಉಟ್ಟು."